ಸತ್ತವನ ಹೆಸರಲ್ಲಿ ಬಾಳಿದವನು

ಸಾನ್ ಸಿರಿಲೊ ಊರಿನ ಜನನ-ಮರಣ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಂಡವರ ಹುಟ್ಟು ಸಾವು ಬರೆದ ಎಲೋದಿಯಾ ಗಲಾಬೇರ್, ನಿವೃತ್ತಳಾದ ಮೇಲೆ ತನ್ನ ಮನೆತನದ್ದೇ ಹುಡುಕಲು ಕೂತಳು. ಮದುವೆಯಾದವಳಲ್ಲ, ಹಿಂದೆ ಮುಂದೆ ಎಳೆಯುವವರಿರಲಿಲ್ಲ. ಅವಳ ಮುತ್ತಜ್ಜ ಒನೊರಾತೊ ಫ್ರೆಂಚರ ದಂಡಿನ ಜೊತೆ ವೆರಾಕ್ರೂಸ್ ಬಂದರಿನಲ್ಲಿ ಇಳಿದವನು. ದಂಡು ಹಡಗು ಹತ್ತಿ ವಾಪಸಾದರೂ ಅವನು ಇಲ್ಲೇ ಉಳಿದ, ಜೋಡು ಹೊಲಿದು ಐದು ಮಕ್ಕಳನ್ನು ಸಾಕಿದ. ಮನೆಯವರಿಗೆ ಗೊತ್ತಿದ್ದದ್ದು ಇಷ್ಟೆ.

ಇಗರ್ಜಿಯ ಹಳೇ ಪುಸ್ತಕದಲ್ಲಿ 1868ರ ಅವನ ಮದುವೆ ಸಿಕ್ಕಿತು. ಹುಟ್ಟಿದೂರು ಲಾ ವೆರ್ನೆಡ್, ತಂದೆ ಬಾತಿಸ್ತ್, ತಾಯಿ ಫಿಲೊಮೆನ್. ಕೆಳಗೆ ‘ವರನಿಗೆ ಬರೆಯಲು ಬಾರದು’ ಎಂಬ ಪಾದ್ರಿಯ ಷರಾ. ಅದರ ಪಕ್ಕ ಮಸಿ ಒತ್ತಿ ಗೀಚಿದ ಒಂದು ಶಿಲುಬೆ ಗುರುತು. ಅವಳು ಅದನ್ನು ಬೆರಳಿಂದ ಸವರಿದಳು. ಅವನ ಕೈಯಿಂದ ಬಂದದ್ದೆಂದು ಜಗತ್ತಿನಲ್ಲಿ ಉಳಿದಿದ್ದದ್ದು ಅದೊಂದೇ.

ಫ್ರಾನ್ಸಿಗೆ ಬರೆದ ಕಾಗದಕ್ಕೆ ಎಂಟು ತಿಂಗಳಿಗೆ ಉತ್ತರ ಬಂತು. ಹಿಂದೆ ಫ್ರೆಂಚ್ ಪಾಠ ಹೇಳುತ್ತಿದ್ದ ದೋನ್ ಫೆರ್ಮಿನ್ ಕನ್ನಡಕ ಏರಿಸಿ ಓದಿ ಹೇಳಿದರು. ಒನೊರಾತೊ ಫ್ರೆಂಚರ ಬಾಯಲ್ಲಿ ಒನೊರೆ. ಒನೊರೆ ಗಲಾಬೇರ್, ಶಾಲಾ ಮಾಸ್ತರರ ಮಗ, ಬೂದುಗಣ್ಣು. ಆಮೇಲೆ ಅವರು ಒಂದೇ ಸಾಲಿನ ಮೇಲೆ ಎರಡೆರಡು ಸಲ ಬೆರಳಾಡಿಸಿದರು.

“ಯಾಕೆ, ಅಕ್ಷರ ಅಳಿಸಿದೆಯಾ?”

“ಅಕ್ಷರ ಸರಿಯಾಗಿದೆ ದೊನ್ಯಾ ಎಲೋದಿಯಾ. ನಿಮ್ಮ ಮುತ್ತಜ್ಜ 1866ರಲ್ಲೇ ವೆರಾಕ್ರೂಸಿನ ಆಸ್ಪತ್ರೇಲಿ ಹಳದಿ ಜ್ವರ ಬಂದು ತೀರಿಹೋದರು ಅಂತಿದೆ.”

“ಸತ್ತು ಎರಡು ವರ್ಷಕ್ಕೆ ಮದುವೆ ಆದರಾ? ಮೇಲೆ ಐದು ಮಕ್ಕಳು ಬೇರೆ! ಭಾರೀ ಹೆಣಾನೇ ಬಿಡಿ ಅದು.” ಅವಳು ನಕ್ಕಳು. “ಗುಮಾಸ್ತರ ಕೈ ತಪ್ಪುತ್ತೆ ದೋನ್ ಫೆರ್ಮಿನ್. ನಾನೇ ಒಂದ್ಸಲ ಬದುಕಿದ್ದವನ್ನ ಸಾಯಿಸಿದ್ದೀನಿ.”

ಅವರು ಇನ್ನೊಂದು ಹಾಳೆಯನ್ನು ಅವಳತ್ತ ಸರಿಸಿದರು. ದಂಡಿಗೆ ಸೇರಿದ ದಿನ ಒನೊರೆ ಹಾಕಿದ ಸಹಿ. ದುಂಡಗೆ, ಬಾಲ ಸುತ್ತಿಸಿ, ಕೆಳಗೆರಡು ಗೆರೆ ಎಳೆದು ಬರೆದ ಸಹಿ. ಅವಳು ಬಹಳ ಹೊತ್ತು ನೋಡಿದಳು. ನಗು ಎಲ್ಲಿ ಹೋಯಿತೋ.

“ಮಾಸ್ತರ ಮಗ ಕೆಲವೇ ವರ್ಷದಲ್ಲಿ ತನ್ನ ಹೆಸರು ಬರೆಯೋದು ಮರೀತಾನಾ?”

ಕಾಗದದ ಕೊನೆಗೆ ಇನ್ನೊಂದು ಮಾತಿತ್ತು. ವಿಧವೆ ಫಿಲೊಮೆನ್ ಮಗನ ಜಪಮಾಲೆಯಾದರೂ ಕಳಿಸಿಕೊಡಿ ಎಂದು ದಂಡಿನ ಕಚೇರಿಗೆ ನಾಲ್ಕು ಬಾರಿ ಅರ್ಜಿ ಕೊಟ್ಟಿದ್ದಳು. 1889ರಲ್ಲಿ ಬಡವರ ಆಶ್ರಮದಲ್ಲಿ ತೀರಿಕೊಂಡಳು.

ಮರುದಿನ ಎಲೋದಿಯಾ ತನ್ನ ಸೋದರತ್ತೆ ಕ್ಲೆಯೋಫಾಸಳ ಮನೆಗೆ ಹೋದಳು. ಮುದುಕಿಗೆ ಎಂಬತ್ತಾರು. ಮೊರ ಮುಂದಿಟ್ಟುಕೊಂಡು ಹುರುಳಿಕಾಯಿ ಬಿಡಿಸುತ್ತಿದ್ದಳು.

“ಅತ್ತೆ, ನಿಮ್ಮಜ್ಜ ಕಾಗದ ಗೀಗದ ಬರೆದದ್ದು ನೋಡಿದ್ದೀರಾ?”

“ಕಾಗದವಾ! ಅಜ್ಜನಿಗೆ ಉಪ್ಪಿನ ಚೀಲದ ಮೇಲಿನ ಅಕ್ಷರಾನೂ ಬರ್ತಿರಲಿಲ್ಲ ಕಣೇ.”

ಎಲೋದಿಯಾ ಎಲ್ಲ ಹೇಳಿದಳು. ಮುದುಕಿಯ ಕೈ ನಿಂತಿತು.

“ಹಾಗಾದ್ರೆ ಅದು ಬಡಬಡಿಕೆ ಅಲ್ಲ,” ಎಂದಳು ಮೆಲ್ಲಗೆ. “ಅಜ್ಜ ಸಾಯೋವಾಗ ನಾನು ಹತ್ತು ವರ್ಷದೋಳು, ಮಂಚದ ಕಾಲು ಹಿಡಕೊಂಡು ನಿಂತಿದ್ದೆ. ಪಾದ್ರಿಗಳು ‘ಒನೊರಾತೊ, ಒನೊರಾತೊ’ ಅಂತ ಕರೆದರು. ಅಜ್ಜ ತಲೆ ಅಲ್ಲಾಡಿಸಿ ‘ಅವನು ನಾನಲ್ಲ’ ಅಂದ. ಜ್ವರ ನೆತ್ತಿಗೇರಿದೆ ಅಂತ ಅಜ್ಜಿ ಹಣೆ ಒರೆಸಿದಳು. ಅವನು ಮತ್ತೆ ಅದನ್ನೇ ಅಂದ. ಯಾರೂ ಕೇಳಿಸಿಕೊಳ್ಳಲಿಲ್ಲ.”

“ನಿಜವಾದ ಹೆಸರು ಹೇಳಲಿಲ್ವಾ?”

“ನಾವ್ಯಾರಾದ್ರೂ ಕೇಳಿದ್ರೆ ತಾನೇ?” ಮುದುಕಿ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಚೊಚ್ಚಲ ಮಗಳಿಗೆ ಅಜ್ಜಿ ತನ್ನ ತಾಯಿ ಹೆಸರಿಡಬೇಕು ಅಂದ್ಲಂತೆ. ಇವನು ಬಿಲ್‌ಕುಲ್ ಒಪ್ಪಲಿಲ್ಲ. ಎರಡು ದಿನ ಊಟ ಬಿಟ್ಟು ಫಿಲೊಮೆನಾ ಅಂತಲೇ ಇಡಿಸಿದ.”

ಎಲೋದಿಯಾಗೆ ಆಗ ಸ್ವಲ್ಪ ಸ್ವಲ್ಪವೇ ಹೊಳೆಯಿತು. ದಂಡು ಬಿಟ್ಟು ಓಡಿದವನು ಸಿಕ್ಕಿಬಿದ್ದರೆ ಗುಂಡು. ಸತ್ತವನನ್ನು ಯಾರೂ ಹುಡುಕುವುದಿಲ್ಲ. ಒನೊರೆಯ ಹಾಸಿಗೆಯ ಪಕ್ಕ ಅಕ್ಷರ ಬಾರದ ಒಬ್ಬ ಜೊತೆಗಾರ ಇದ್ದಿರಬೇಕು. ಒನೊರೆ ತನ್ನ ತಾಯಿಯ ಸುದ್ದಿ ಹೇಳಿದ್ದನ್ನೆಲ್ಲ ಇವನು ಕೇಳಿರಬೇಕು. ಹೆಸರನ್ನು ಒನೊರೆಯೇ ಕೊಟ್ಟನೋ, ತಣ್ಣಗಾದ ಮೈಯ ಜೇಬಿನಿಂದ ಇವನು ತೆಗೆದುಕೊಂಡನೋ, ಅದನ್ನು ಯಾವ ದಾಖಲೆಯೂ ಹೇಳಲಿಲ್ಲ. ಅವಳನ್ನು ಹೆಚ್ಚು ಸುಟ್ಟದ್ದು ಅದೇ.

ಅವಳು ಸುಮ್ಮನಾಗಲಿಲ್ಲ. ಆರು ವರ್ಷ ಕಾಗದ ಬರೆದಳು. ಒನೊರೆ ಸತ್ತ ತಿಂಗಳು ಅವನ ತುಕಡಿಯಿಂದ ಓಡಿಹೋದವರು ಹನ್ನೊಂದು ಮಂದಿ. ಅವರಲ್ಲಿ ಸಹಿ ಬಾರದವರು ಏಳು. ಇಬ್ಬರು ಸಿಕ್ಕಿ ಗುಂಡಿಗೆ ಬಲಿಯಾಗಿದ್ದರು, ಇಬ್ಬರು ಹೇಗೋ ಊರು ಸೇರಿ ಅಲ್ಲೇ ಸತ್ತಿದ್ದರು. ಉಳಿದ ಮೂವರ ಹೆಸರಿನ ಮುಂದೆ ಏನೂ ಬರೆದಿರಲಿಲ್ಲ. ಅಷ್ಟರಲ್ಲಿ ಕ್ಲೆಯೋಫಾಸ್ ತೀರಿಕೊಂಡಳು. ಅವನ ದನಿ ಕೇಳಿದ್ದ ಕೊನೆಯ ಕಿವಿಯೂ ಹೋಯಿತು. ಎಲೋದಿಯಾಳ ಕಣ್ಣಿಗೆ ಪೊರೆ ಬಂತು.

ಒಂದು ಭಾನುವಾರ ಅವಳು ಪಾದ್ರಿಗಳ ಬಳಿ ಹೋಗಿ ಎರಡು ಪೂಜೆ ಬರೆಸಿದಳು. ಒಂದು ಒನೊರೆ ಮತ್ತು ಅವನ ತಾಯಿಗೆ. ಇನ್ನೊಂದಕ್ಕೆ ಮೂರು ಹೆಸರು ಕೊಟ್ಟಳು.

“ಇವರು ಮೂವರೂ ನಿಮ್ಮ ಕಡೆಯವರಾ?”

“ಒಬ್ಬ ಮಾತ್ರ ಸ್ವಾಮಿ, ನನ್ನ ಮುತ್ತಜ್ಜ. ಮೂವರಲ್ಲಿ ಯಾರು ಅಂತ ಗೊತ್ತಿಲ್ಲ. ಮೂರನ್ನೂ ಗಟ್ಟಿಯಾಗಿ ಕರೀರಿ. ಉಳಿದಿಬ್ಬರನ್ನೂ ಇಷ್ಟು ವರ್ಷ ಯಾರೂ ಕರೆದಿರಲಿಕ್ಕಿಲ್ಲ.”