ಪಾನಕಕ್ಕೆ ಬಿದ್ದ ರೆಕಾರ್ಡರ್

ನಮ್ಮ ಕಿಟ್ಟಿ ಭಾವನಿಗೆ ಒಂದು ಸುಳ್ಳು ಹೇಳಬೇಕಾದರೂ ಕಿವಿ ಕೆಂಪಾಗುತ್ತದೆ. ಅಂಥವರು ಸಂಗೀತ ಕಛೇರಿಗೆ ಹೊರಟರೆ ಮಾತ್ರ ಜುಬ್ಬದ ಜೇಬಿನಲ್ಲಿ ಒಂದು ರೆಕಾರ್ಡರನ್ನು ಕದ್ದುಮುಚ್ಚಿ ಇಟ್ಟುಕೊಳ್ಳುತ್ತಿದ್ದರು. ಅದರ ಕೆಂಪು ದೀಪ ಯಾರಿಗೂ ಕಾಣದಿರಲಿ ಎಂದು ಮೇಲೆ ನಮ್ಮಕ್ಕನ ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದರು. ಬಟ್ಟೆಯ ಪರಪರ ಸದ್ದು ಸೇರಬಾರದೆಂದು ಜುಬ್ಬಕ್ಕೆ ಗಂಜಿ ಹಾಕುವುದನ್ನೂ ಬಿಡಿಸಿದ್ದರು. ಇಷ್ಟೆಲ್ಲ ಕಳ್ಳತನ ಮಾಡಿ, ಕಛೇರಿ ಮುಗಿದ ಕೂಡಲೇ ಹಾಡಿದವರ ಮುಂದೆ ಹೋಗಿ ಕೈಮುಗಿದು ನಿಲ್ಲುವರು. "ಮನೆಯವಳಿಗೋಸ್ಕರ ರೆಕಾರ್ಡ್ ಮಾಡ್ಕೊಂಡಿದೀನಿ. ಬೇಡ ಅಂದ್ರೆ ಇಲ್ಲೇ ಅಳಿಸ್ಬಿಡ್ತೀನಿ." ಮೊದಲೇ ಕೇಳಬಾರದೇ ಎಂದರೆ, ಮೊದಲೇ ಹೇಳಿದರೆ ಹಾಡುವವರ ಗಮನವೆಲ್ಲ ಜೇಬಿನ ಮೇಲೇ ಇರುತ್ತದಂತೆ. ಬೇಡ ಎಂದವರು ಒಬ್ಬಿಬ್ಬರು. ಅವರದ್ದನ್ನು ಅಲ್ಲೇ ನಿಂತು ಅಳಿಸಿಯೂ ಬಿಟ್ಟರು. ಫೋನಿನಲ್ಲೇ ಮಾಡಿಕೊಳ್ಳಬಹುದಿತ್ತು. ಆದರೆ ಒಮ್ಮೆ ಆಲಾಪನೆಯ ನಡುವೆ ಫೋನು ಬಡಿದುಕೊಂಡು ಮಾನ ಹೋದ ಮೇಲೆ ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು.

ಮನೆಯವಳು ಎಂದರೆ ನನ್ನ ಅಕ್ಕ ವಿಮಲಾ. ಪದ್ಮನಾಭನಗರದ ಅರ್ಧ ಮಕ್ಕಳಿಗೆ ಸರಳೆ, ಜಂಟೆ ಕಲಿಸಿದವಳು ಅವಳೇ. ಅವಳಿಗೆ ಒಂದು ಒಣಕೆಮ್ಮು. ಡಾಕ್ಟರು, ಕಷಾಯ, ಹರಕೆ ಯಾವುದಕ್ಕೂ ಜಗ್ಗದ ಕೆಮ್ಮು. ಹಿಂದೆ ಒಂದು ಕಛೇರಿಯಲ್ಲಿ ಅವಳು ಕೆಮ್ಮಿದಾಗ ಮುಂದಿನ ಸಾಲಿನ ಹೆಂಗಸೊಬ್ಬಳು ತಿರುಗಿ ನೋಡಿದಳು. ಬೈದಿದ್ದರೆ ನಾನೇ ಎರಡು ಬೈದು ಬಾಯಿ ಮುಚ್ಚಿಸುತ್ತಿದ್ದೆ. ಆಕೆ ಬರೀ ನೋಡಿದಳು. ಅಕ್ಕ ಅಂದಿನಿಂದ ಕಛೇರಿಯ ಕಡೆ ತಲೆ ಹಾಕಲಿಲ್ಲ.

ಭಾವ ಹೋಗಿ ತಂದ ಸಂಗೀತವನ್ನು ಅವಳು ಮಾರನೆಯ ದಿನ ಕಾಫಿ ಹೀರುತ್ತಾ ಕೇಳುವಳು. ಕೇಳುತ್ತಲೇ ತಪ್ಪು ಹುಡುಕುವಳು. "ಈಗಿನ ಮೃದಂಗದವ್ರಿಗೆ ಏನಾಗಿದೆಯೋ. ಅಲ್ಲಲ್ಲಿ ಅರ್ಧ ಅಕ್ಷರ ನುಂಗಿಬಿಡ್ತಾರೆ" ಎನ್ನುವಳು. ಭಾವ ಪೇಪರಿನೊಳಗೆ ಮುಖ ಹುದುಗಿಸಿಕೊಳ್ಳುವರು. ಪಾಪ, ಅವರಿಗೆ ತಾಳ ತಿಳಿಯದು ಎಂದುಕೊಂಡಿದ್ದೆ.

ಈ ವರ್ಷ ರಾಮನವಮಿಯ ಚಪ್ಪರದಲ್ಲಿ ಆ ರೆಕಾರ್ಡರ್ ಸತ್ತಿತು. ಕಛೇರಿ ಮುಗಿದು ಭಾವ ಎರಡನೇ ಲೋಟ ಪಾನಕಕ್ಕೆ ಬಗ್ಗಿದರು, ಜೇಬಿನಿಂದ ಅದು ಜಾರಿ ಸೀದಾ ಕೊಳಗಕ್ಕೆ ಬಿತ್ತು. ಬಡಿಸುತ್ತಿದ್ದ ಉಗ್ರಪ್ಪ ಸೌಟಿನಲ್ಲಿ ಎತ್ತಿ ಕೊಟ್ಟ. "ಸಾರ್, ಬೊಟ್ಟು ಮಾತ್ರ ಹಂಗೇ ಐತೆ" ಎಂದ. ಭಾವ ಅದನ್ನು ಒರೆಸಿ, ಬಿಸಿಲಿಗಿಟ್ಟು, ಅಕ್ಕಿ ಡಬ್ಬದಲ್ಲಿ ಹೂತು ನೋಡಿದರು. ಇರುವೆ ಬಂದವೇ ಹೊರತು ದನಿ ಬರಲಿಲ್ಲ.

ಬೇರೆ ದಿನವಾಗಿದ್ದರೆ ನಿಧಾನವಾಗಿ ಕೊಳ್ಳಬಹುದಿತ್ತು. ಆದರೆ ಆ ಶನಿವಾರ ಅದೇ ಚಪ್ಪರದಲ್ಲಿ ಸುರಭಿಯ ಮೊದಲ ಕಛೇರಿ. ಹಲ್ಲು ಬಿದ್ದ ಬಾಯಲ್ಲಿ ಸರಿಗಮ ಶುರುಮಾಡಿದ ದಿನದಿಂದ ಅಕ್ಕನೇ ತಿದ್ದಿ ಬೆಳೆಸಿದ ಹುಡುಗಿ. ಹಣ್ಣು, ವೀಳ್ಯ ಹಿಡಿದು ಕರೆಯಲು ಬಂದಳು.

"ಟೀಚರ್, ನೀವು ಮುಂದೆ ಕೂತಿರ್ಬೇಕು. ನಂಗೆ ಭಯ ಆಗ್ತಿದೆ."

"ನಾನು ಬಂದು ಕೆಮ್ಮಿ ನಿನ್ನ ಕಛೇರಿ ಹಾಳು ಮಾಡ್ಲೇನೇ? ಇವ್ರು ರೆಕಾರ್ಡ್ ಮಾಡ್ಕೊಂಡು ಬರ್ತಾರೆ, ಕೇಳ್ತೀನಿ" ಎಂದಳು ಅಕ್ಕ.

ಹುಡುಗಿ ಮುಖ ಸಣ್ಣದು ಮಾಡಿಕೊಂಡು ಹೋದಳು. ಅಕ್ಕ ಅಡುಗೆಮನೆಯಲ್ಲಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು.

ಗುರುವಾರ ಭಾವನ ಜೊತೆ ನಾನೂ ಜಯನಗರ ನಾಲ್ಕನೇ ಬ್ಲಾಕಿಗೆ ಹೋದೆ. ಪರಿಚಯದ ಅಂಗಡಿ, ಭೀಮೇಶನದು. ಹೆಣ್ಣು ನೋಡಲು ಹೋದವರೂ ಇಷ್ಟು ಪರೀಕ್ಷೆ ಮಾಡಲಿಕ್ಕಿಲ್ಲ. ಗುಂಡಿ ಒತ್ತಿದರೆ ಕುಂಯ್ ಎನ್ನಬಾರದು, ಕತ್ತಲಲ್ಲಿ ಬೆರಳಿಗೇ ಗೊತ್ತಾಗಬೇಕು, ಜೇಬು ಜೋಲಬಾರದು. ಕೊನೆಗೆ ಎರಡು ಉಳಿದವು.

"ಇದು ಸ್ವಲ್ಪ ದಪ್ಪ ಸಾರ್, ಆದ್ರೆ ಇರೋದೆಲ್ಲಾ ಹಿಡಿಯುತ್ತೆ. ಇದು ನೋಡಿ, ಸಖತ್ ಸ್ಲಿಮ್. ಹಿಂದಿನ ಗಲಾಟೆಯೆಲ್ಲಾ ತಾನೇ ಕಟ್ ಮಾಡುತ್ತೆ" ಎಂದ ಭೀಮೇಶ.

"ತಾನೇ ಕಟ್ ಮಾಡುತ್ತಾ? ಕೆಮ್ಮು ಕೂಡಾ?" ಭಾವನ ಕಣ್ಣು ಅರಳಿತು.

"ಎರಡೂ ತಗೊಂಡ್ಹೋಗಿ ನೋಡಿ ಸಾರ್, ಬೇಡವಾಗಿದ್ದು ವಾಪಸ್ ಕೊಡಿ" ಎಂದ ಅವನು.

ಅಂದು ಸಂಜೆಯ ಕಛೇರಿಗೆ ಭಾವ ಎರಡು ಜೇಬಿನಲ್ಲಿ ಎರಡನ್ನೂ ಇಟ್ಟುಕೊಂಡು ಕೂತರು. ಶುಕ್ರವಾರ ಬೆಳಿಗ್ಗೆ ಅವರು ಸ್ನಾನದ ಮನೆಯಿಂದ ಬರುವಷ್ಟರಲ್ಲಿ ಅಕ್ಕ ತಾನೇ ಹಾಕಿಕೊಂಡು ಕೇಳುತ್ತಿದ್ದಳು. ಮೊದಲು ಸ್ಲಿಮ್ಮಿನದು.

"ತಂಬೂರಿನೇ ಇಲ್ವಲ್ಲೇ ಕಾತ್ಯಾಯಿನಿ, ಶ್ರುತಿ ಎಲ್ಲಿ ಹೋಯ್ತು?" ಎಂದು ನನ್ನನ್ನು ಕೇಳಿದಳು. ಆ ಜಾಣ ಯಂತ್ರ ತಂಬೂರಿಯನ್ನೂ ಗಲಾಟೆ ಎಂದು ತೆಗೆದುಹಾಕಿತ್ತು.

ಆಮೇಲೆ ದಪ್ಪನೆಯದು. ತಂಬೂರಿ ತುಂಬಿಕೊಂಡು ಕೇಳಿತು. ಹಾಡು ಶುರುವಾದ ಸ್ವಲ್ಪ ಹೊತ್ತಿಗೆ ಯಾರೋ ಕೆಮ್ಮಿದರು. ಇನ್ಯಾರೋ ಗಂಟಲು ಕೆರೆದರು. ಆಲಾಪನೆ ಮೇಲಕ್ಕೇರಿದಾಗ ಮುದುಕರೊಬ್ಬರು ಕರುಳು ಕಿತ್ತು ಬರುವ ಹಾಗೆ ಕೆಮ್ಮಿದರು. ಹಾಡುವವರು ನಿಲ್ಲಿಸಲೇ ಇಲ್ಲ. ತಲೆ ಒರೆಸಿಕೊಳ್ಳುತ್ತಾ ಬಂದ ಭಾವ ಬಾಗಿಲಲ್ಲೇ ನಿಂತುಬಿಟ್ಟರು.

"ರೀ, ಕಛೇರೀಲಿ ಇಷ್ಟು ಜನ ಕೆಮ್ತಾರಾ?"

"ನೆನ್ನೆ ಸ್ವಲ್ಪ ಧೂಳಿತ್ತು" ಎಂದರು ಭಾವ. ಕಿವಿ ಕೆಂಪಾಯಿತು. "ಯಾವಾಗ್ಲೂ ಕೆಮ್ತಾರೆ ವಿಮಲಾ. ನಾನೇ ತೆಗೆದು ಕೊಡ್ತಿದ್ದೆ. ನಿನಗೆ ನೋವಾಗುತ್ತೆ ಅಂತ."

ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿ ರಿಟೈರಾದ ಮನುಷ್ಯ. ಹಿಂದಿನ ಕೋಣೆಯ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಕೆಮ್ಮನ್ನು ಹುಡುಕಿ ಕತ್ತರಿಸಿ, ಹಾಡನ್ನು ಜೋಡಿಸಿ ಕೊಡುತ್ತಿದ್ದರಂತೆ. ಕೆಮ್ಮಿನ ಜೊತೆ ಮೃದಂಗದ ಅರ್ಧ ಅಕ್ಷರವೂ ಹೋಗುತ್ತಿತ್ತು.

"ನಾನೊಬ್ಬಳೇ ಅಂದ್ಕೊಂಡಿದ್ದೆ ಕಣ್ರೀ" ಎಂದಳು ಅಕ್ಕ. "ಇಷ್ಟು ವರ್ಷ, ಲೋಕದಲ್ಲಿ ನಾನೊಬ್ಬಳೇ ಕೆಮ್ಮೋಳು ಅಂತ."

ಭಾವ ಅಲ್ಲೇ ಸೋಫಾದ ಅಂಚಿಗೆ ಕುಸಿದು ಕೂತರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರಲ್ಲ ಎಂದು ನನಗೆ ಮೈಯೆಲ್ಲ ಉರಿದು, ಬಾಯಿಗೆ ಬಂದದ್ದು ಅಂದೆ. ಅಕ್ಕನೇ ನನ್ನನ್ನು ತಡೆದಳು. "ಸುಮ್ನಿರೇ. ಪಾಪ, ಆ ಮೃದಂಗದವ್ರನ್ನೆಲ್ಲಾ ಎಷ್ಟು ಬೈದೆ ನಾನು" ಎಂದು ನಗತೊಡಗಿದಳು. ನಗು ಕೆಮ್ಮಾಯಿತು, ಕಣ್ಣಲ್ಲಿ ನೀರು ಬಂತು. ಭಾವ ಎದ್ದು ಬಿಸಿನೀರು ತಂದುಕೊಟ್ಟರು.

ದಪ್ಪನೆಯದೇ ಉಳಿಯಿತು. ಶನಿವಾರ ಸಂಜೆ ಅದರ ದೀಪದ ಮೇಲೆ ಅಕ್ಕ ಹೊಸ ಬೊಟ್ಟು ಅಂಟಿಸಿ ಭಾವನ ಜೇಬಿಗೆ ಹಾಕಿದಳು. ಕರವಸ್ತ್ರದಲ್ಲಿ ಕಲ್ಲುಸಕ್ಕರೆ ಕಟ್ಟಿಕೊಂಡಳು. ಆಮೇಲೆ ತಾನೂ ಚಪ್ಪಲಿ ಮೆಟ್ಟಿದಳು.

ಮುಂದೆ ಕೂರಲು ಧೈರ್ಯ ಸಾಲದೆ ಹಿಂದಿನ ಸಾಲಿನ ಕೊನೆಯಲ್ಲಿ ಕೂತೆವು. ವೇದಿಕೆಯ ಮೇಲೆ ಸುರಭಿ ಹೆದರಿದ್ದು ಇಲ್ಲಿಗೇ ಕಾಣುತ್ತಿತ್ತು. ಕಣ್ಣು ಮುಚ್ಚಿ ಹಾಡುತ್ತಿದ್ದಳು, ದನಿ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ತಡೆಯಲಾಗಲಿಲ್ಲ, ಕೆಮ್ಮಿದಳು. ಸುರಭಿ ತಟ್ಟನೆ ಕಣ್ಣು ತೆರೆದಳು. ಪ್ರತಿ ಪಾಠದಲ್ಲೂ ಕೇಳಿದ ಕೆಮ್ಮು ಅವಳಿಗೆ ಗೊತ್ತಾಗದೇ? ಜನರ ನಡುವೆ ಹುಡುಕಿದಳು, ಕಂಡಳು, ನಕ್ಕಳು. ಆಮೇಲೆ ಹಾಡಿದಳು ನೋಡಿ.

ಅಕ್ಕ ಈಗಲೂ ದಿನಾ ಕಾಫಿಯ ಹೊತ್ತಿಗೆ ಆ ರೆಕಾರ್ಡಿಂಗ್ ಹಾಕುತ್ತಾಳೆ. ಮೊದಲಿಂದಲ್ಲ, ಕೆಮ್ಮಿನ ಜಾಗದಿಂದ. ಭಾವ ಅದನ್ನು ತೆಗೆದಿಲ್ಲ.