ಬನದ ಕಟ್ಟಿಗೆ

ಗೇರುಬೀಜದ ಕಾರ್ಖಾನೆಯ ಅಂಗಳದ ನಟ್ಟನಡುವೆ ಕಾಡು ನಿಂತಿತ್ತು. ಕಾರ್ಕಳದಲ್ಲಿ ಬಸ್ಸಿಳಿದು ಟ್ರಂಕು ಹೊತ್ತು ಬಂದ ನನಗೆ ಮೊದಲು ಕಂಡದ್ದು ಅದೇ. ನಾನು ಗದಗಿನ ಕಡೆಯವಳು. ನಮ್ಮಲ್ಲಿ ಗೇಣು ನೆಲವನ್ನೂ ಯಾರೂ ಸುಮ್ಮನೆ ಬಿಡುವುದಿಲ್ಲ. ಇಲ್ಲಿ ಬೀಜ ಒಣಗಿಸುವ ಅಂಗಳ ಮರಗಳಿಗೆ ದಾರಿ ಬಿಟ್ಟು ಮೊಣಕೈಯಂತೆ ಬಗ್ಗಿತ್ತು. ಮಧ್ಯಾಹ್ನ ನೆರಳು ಬಿದ್ದರೆ ಹೆಂಗಸರು ಗೊಣಗದೆ ಬೀಜವನ್ನು ಬಿಸಿಲಿಗೆ ಎಳೆದುಕೊಳ್ಳುತ್ತಿದ್ದರು. ಅದು ನಾಗನ ಬನ, ಅಲ್ಲಿ ಕತ್ತಿ ಆಡಿಸುವಂತಿಲ್ಲ ಎಂದು ಯಾರೋ ಹೇಳಿದರು. ಧಣಿಗಳು ಕೊಂಕಣಿ ಮಾತಾಡುವ ಕ್ರೈಸ್ತರು. ಇವರಿಗೇಕೆ ನಾಗನ ಉಸಾಬರಿ ಎಂದು ಮನಸ್ಸಿನಲ್ಲೇ ನಕ್ಕೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಬೀಜ ಸುಲಿಯುವ ಹೆಂಗಸರ ಮೇಲ್ವಿಚಾರಣೆ ನನ್ನ ಕೆಲಸ, ಕಾರ್ಖಾನೆಯ ಹಿಂದಿನ ಕೋಣೆ ನನ್ನ ಮನೆ. ರೊಟ್ಟಿ ತಿಂದು ಬೆಳೆದವಳಿಗೆ ಗಂಜಿ ಉಂಡರೆ ಉಂಡಂತೆಯೇ ಅನ್ನಿಸುತ್ತಿರಲಿಲ್ಲ. ಹೆಂಗಸರು ತಮ್ಮೊಳಗೆ ತುಳು ಆಡುವರು, ನನ್ನೊಡನೆ ಪಾಠ ಒಪ್ಪಿಸಿದಂಥ ಕನ್ನಡ. ಕನ್ನಡ ನಾಡಿನಲ್ಲೇ ನನ್ನ ಕನ್ನಡ ಒಂಟಿಯಾಗಿತ್ತು. ಅಪ್ಪಿ ಎಂಬ ಹಿರಿಯಳೊಬ್ಬಳು ಮಾತ್ರ ಊಟದ ಹೊತ್ತಿಗೆ ಪಕ್ಕದಲ್ಲಿ ಕೂತು, ತನ್ನ ಉಪ್ಪಿನಕಾಯಿಯ ಒಂದು ಹೋಳನ್ನು ನನ್ನ ಬಟ್ಟಲಿಗೆ ಹಾಕುತ್ತಿದ್ದಳು. ಅಷ್ಟೇ ನನ್ನ ಬಂಧುಬಳಗ.

ಮಳೆ ಹಿಡಿಯುವ ಮುಂಚಿನ ಗಾಳಿಗೆ ಒಮ್ಮೆ ಬನದ ಒಣಕೊಂಬೆ ಮುರಿದು ಅಂಗಳಕ್ಕೆ ಬಿತ್ತು. ಬೀಜ ಹುರಿಯುವ ಒಲೆಗೆ ಸೌದೆಯ ಲಾರಿ ಬಂದಿರಲಿಲ್ಲ. ಕುಳ್ಳು ತಟ್ಟಿ, ಹತ್ತಿಕಟ್ಟಿಗೆ ಆಯ್ದು ಒಲೆ ಹಚ್ಚುವ ಊರಿನವಳಿಗೆ ಬಿದ್ದ ಕಟ್ಟಿಗೆಯೆಂದರೆ ಭಾಗ್ಯ. ಮರ ಕಡಿದದ್ದೇನೂ ಅಲ್ಲವಲ್ಲ ಎಂದುಕೊಂಡು, ಹೆಂಗಸರು ಬರುವ ಮೊದಲೇ ನಾನೇ ಕೊಡಲಿ ಹಿಡಿದು ತುಂಡು ಮಾಡಿದೆ. ಎರಡು ತುಂಡು ಒಲೆಗೂ ಹಾಕಿದೆ.

ಬಂದವರು ಒಲೆ ನೋಡಿದರು, ನನ್ನನ್ನು ನೋಡಿದರು. ತಂತಮ್ಮ ಜಾಗಕ್ಕೆ ಹೋಗಿ ಬೀಜ ಸುಲಿಯಲು ಕೂತರು. ಅಂದು ಅಪ್ಪಿ ದೂರ ಹೋಗಿ ಕೂತಳು. ಮರುದಿನವೂ ಅಷ್ಟೇ, ಅದರ ಮರುದಿನವೂ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ನಾಲ್ಕನೆಯ ದಿನ ಟ್ರಂಕು ಕಟ್ಟಿ, ಕೆಲಸ ಬಿಡುತ್ತೇನೆಂದು ಧಣಿಗಳೆದುರು ನಿಂತೆ.

"ನಾನು ಇಗರ್ಜಿಗೆ ಹೋಗುವವ, ಮಗಳೇ," ಎಂದರು. "ಆದರೆ ಬನದ ಕಡ್ಡಿಯೂ ಬನಕ್ಕೇ ಅಂತ ಈ ಜಾಗ ಕೊಟ್ಟವರಿಗೆ ಮಾತು ಕೊಟ್ಟಿದ್ದೇನೆ."

ಗೋದಾಮು ಕಟ್ಟಲು ಬನ ತೆಗೆಯಿರಿ ಎಂದ ಇಂಜಿನಿಯರನಿಗೆ, ಬನದ ದೆಸೆಯಿಂದ ಬೇಸಗೆಯಲ್ಲೂ ಬತ್ತದ ಬಾವಿಯನ್ನು ತೋರಿಸಿ ಕಳಿಸಿದ್ದನ್ನು ಹೇಳಿದರು. ಆಮೇಲೆ ಎಷ್ಟು ತುಂಡು ಉಳಿದಿದೆ ಎಂದು ಕೇಳಿದರು. ಏಳು ಎಂದೆ.

"ಇಟ್ಟು ಬಾ. ಮತ್ತೆ ಹೋಗುವುದು ಬಿಡುವುದು ನಿನ್ನಿಷ್ಟ."

ಎಲ್ಲರ ಕಣ್ಣೆದುರು ಒಂದೊಂದೇ ಹೊತ್ತೆ. ಕೊನೆಯ ತುಂಡು ಭಾರವಾಗಿತ್ತು. ಅದರ ಇನ್ನೊಂದು ತುದಿಯನ್ನು ಅಪ್ಪಿ ಬಂದು ಹಿಡಿದಳು.

"ಒಳಗೆ ಕಾಲಿಡುವುದು ಬೇಡ, ಅಂಚಿನಲ್ಲೇ ಇಡುವ," ಎಂದಳು. "ಗೆದ್ದಲಿಗೂ ಹೊಟ್ಟೆ ಉಂಟಲ್ವಾ?"

ಅಲ್ಲೇ ನಿಂತು ಅತ್ತುಬಿಟ್ಟೆ. ಮಧ್ಯಾಹ್ನ ಬಟ್ಟಲಿಗೆ ಉಪ್ಪಿನಕಾಯಿ ಬಿತ್ತು. ಟ್ರಂಕು ಬಿಚ್ಚಿದೆ. ಆದರೂ ಅವರಿಗೆ ನಾನು ಇಂದಿಗೂ ಘಟ್ಟದ ಮೇಲಿನವಳು.

ಆ ದೀಪಾವಳಿಗೆ ಊರಿಗೆ ಹೋದೆ. ರೊಟ್ಟಿ ಬಡಿಯಲು ಕೂತ ಅವ್ವ ಕಟ್ಟಿಗೆ ಮುರಿದು ಕೊಡು ಎಂದಳು. ಬೇವಿನ ಒಣಕೊಂಬೆ ಕೈಗೆತ್ತಿಕೊಂಡವಳು ಹಾಗೆಯೇ ನಿಂತೆ. ಇದು ಎಲ್ಲಿ ಬಿದ್ದಿತ್ತು ಎಂದು ಕೇಳಿದೆ.

"ಎಲ್ಲಿ ಬಿದ್ದಿದ್ರೇನವ್ವಾ, ಒಲಿಗೆ ಹಾಕೂದಲ್ಲೇನು?"

ಅವಳೇ ಕಿತ್ತುಕೊಂಡು ಮುರಿದು ಒಲೆಗೆ ಹಾಕಿದಳು. ನಮ್ಮ ಮನೆಯಲ್ಲಿ ಮಕ್ಕಳಿಗೆ ಬಿಸಿರೊಟ್ಟಿಯನ್ನು ಕೈಗೇ ಕೊಡುವುದು ರೂಢಿ, ತಾಟು ಬಂದ ನೆಂಟರಿಗೆ. ಅಂದು ಅವ್ವ ನನಗೆ ತಾಟಿನಲ್ಲಿಟ್ಟು ಕೊಟ್ಟಳು.