ಮೂವತ್ತೊಂದು ಶಾಲು, ಮೂರು ಹಾಡು

ನಾನು ನಿರೂಪಕಿ. ಹಾಗೆಂದರೆ ಹಾಡುವವಳಲ್ಲ, ಕುಣಿಯುವವಳಲ್ಲ, ಭಾಷಣ ಮಾಡುವವಳೂ ಅಲ್ಲ. ಅವರೆಲ್ಲ ಬರುವ ಮೊದಲು ಮೈಕಿನ ಮುಂದೆ ನಿಂತು, ಈಗ ಬರುತ್ತಾರೆ ಎಂದು ಹೇಳುವವಳು. ಹರಿಹರದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತಳಾದೆ. ಮನೆ ದಾವಣಗೆರೆಯ ವಿನೋಬನಗರ, ಮನೆಮಾತು ಉರ್ದು. ಹಾಗಾಗಿ ಪ್ರತಿ ಕಾರ್ಯಕ್ರಮ ಮುಗಿದ ಮೇಲೂ ಯಾರಾದರೊಬ್ಬರು ಹತ್ತಿರ ಬಂದು, "ಏನ್ ಚಂದ ಕನ್ನಡ ಮಾತಾಡ್ತೀರಿ ಟೀಚರ್, ಗೊತ್ತೇ ಆಗಲ್ಲ ನೋಡ್ರಿ" ಎನ್ನುತ್ತಾರೆ. ಏನು ಗೊತ್ತಾಗುವುದಿಲ್ಲ ಎಂದು ನಾನು ಕೇಳುವುದಿಲ್ಲ. ಥ್ಯಾಂಕ್ಸ್ ಎನ್ನುತ್ತೇನೆ.

ಈಚಿನ ಒಂದು ಚಳಿಗಾಲದಲ್ಲಿ ಹರಿಹರದ ಸಾಂಸ್ಕೃತಿಕ ಸಂಘವೊಂದು ಏಷ್ಯಾದ ಕಲೆಗಳ ಹಬ್ಬ ಮಾಡಲು ನಿಶ್ಚಯಿಸಿತು. ಸಂಘದ ಕಾರ್ಯದರ್ಶಿಗೆ ಬಟ್ಟೆ ಅಂಗಡಿ ಇದೆ. ಒಳ್ಳೆಯ ಮನುಷ್ಯ, ಉತ್ಸಾಹ ಮಾತ್ರ ಸ್ವಲ್ಪ ಜಾಸ್ತಿ. "ರಾಜ್ಯೋತ್ಸವ ಮಾಡಿ ಮಾಡಿ ಸಾಕಾಗೈತೆ ಟೀಚರ್. ಈ ಸಲ ಒಂಚೂರು ದೊಡ್ಡದು ಮಾಡೋಣ" ಎಂದರು. ಏಷ್ಯಾ ದೊಡ್ಡದೇ. ಹರಿಹರದ ಸುತ್ತಮುತ್ತ ಸಿಗುವ ಏಷ್ಯಾ ಮಾತ್ರ ಸಣ್ಣದು. ಹುಡುಕಿದ ಮೇಲೆ ಜಪಾನಿನ ಪರವಾಗಿ ಮಲೆಬೆನ್ನೂರಿನ ಕರಾಟೆ ಕ್ಲಾಸಿನ ಮಕ್ಕಳು ಸಿಕ್ಕರು. ಚೀನಾದ ಪರವಾಗಿ ಗೋಬಿ ಮಂಚೂರಿ ಗಾಡಿಯವರು ಒಪ್ಪಿದರು. ಉಳಿದ ದೇಶಗಳ ಜವಾಬ್ದಾರಿ ಡೊಳ್ಳು ಕುಣಿತದವರ ಮೇಲೆ ಬಿತ್ತು.

ಆಗ ನಾನು ಸ್ವೆಟರ್ ಮಾರುವ ಅಮ್ಮನ ವಿಷಯ ಎತ್ತಿದೆ. ಪ್ರತಿ ಚಳಿಗಾಲ ದಾವಣಗೆರೆಯ ಫುಟ್‌ಪಾತಿನಲ್ಲಿ ತಾಡಪಾಲು ಕಟ್ಟಿ ಉಣ್ಣೆಬಟ್ಟೆ ಮಾರುವ ಟಿಬೆಟಿನವರಲ್ಲಿ ಅವರೊಬ್ಬರು. ವಯಸ್ಸು ಐವತ್ತರ ಆಸುಪಾಸು. ಮುಂಡಗೋಡದ ನಿರಾಶ್ರಿತರ ಕ್ಯಾಂಪಿನಲ್ಲೇ ಹುಟ್ಟಿ ಬೆಳೆದವರು. ನಾವೆಲ್ಲ ಅವರ ಹತ್ತಿರ ಚೌಕಾಸಿ ಮಾಡಿದ್ದೇವೆಯೇ ಹೊರತು ಬೇರೆ ಮಾತಾಡಿದ್ದು ಕಡಿಮೆ. ಸ್ವೆಟರ್ ಮಡಚುವಾಗ ಅವರು ಸಣ್ಣ ದನಿಯಲ್ಲಿ ಏನೋ ಗುನುಗುತ್ತಾರೆ. ಒಂದು ದಿನ ಅದೇನೆಂದು ಕೇಳಿದ್ದೆ.

"ಅವ್ವ ಕಲಿಸಿದ್ದು. ಮೂರು ಹಾಡು ಅದಾವ" ಎಂದಿದ್ದರು. "ಸ್ಟೇಜಿನ ಮ್ಯಾಗ ಒಮ್ಮಿನೂ ಹಾಡಿಲ್ಲ. ಕ್ಯಾಂಪಿನ್ಯಾಗ ನನಗಿಂತ ಚಲೋ ಹಾಡೋರು ಭಾಳ ಅದಾರ. ಅಲ್ಲಿ ನನ್ನ ಯಾರು ಕರೀತಾರ?"

ಈಗ ನಾನು ಕರೆದೆ. ಅವರು ಕೈಯಲ್ಲಿದ್ದ ಮಫ್ಲರನ್ನು ಎರಡು ಸಲ ಮಡಚಿದರು. ಅಂಗಡಿ ಎತ್ತುವ ದಿನಕ್ಕೂ ಕಾರ್ಯಕ್ರಮಕ್ಕೂ ಒಂದು ದಿನದ ವ್ಯತ್ಯಾಸ ಇತ್ತು. ಗಂಡನನ್ನು ಉಳಿದ ಮಾಲಿನ ಜೊತೆ ಮೊದಲೇ ಕಳಿಸಿ, ತಾವು ಒಂದು ದಿನ ನಿಲ್ಲುವುದಾಗಿ ಹೇಳಿದರು. ಹರಿಹರದಿಂದ ಹುಬ್ಬಳ್ಳಿಗೆ ಸಂಜೆ ಐದರ ರೈಲು ಹಿಡಿಯಬೇಕು. ಅಲ್ಲಿ ಸ್ಟೇಷನ್ನಿನಲ್ಲಿ ಗಂಡ ಕಾಯುತ್ತಿರುತ್ತಾರೆ. ಕ್ಯಾಂಪಿನ ಕಡೆಗೆ ಹೋಗುವ ಕೊನೆಯ ಬಸ್ಸು ಆ ರೈಲಿಗೆ ಸರಿಹೊಂದುತ್ತದೆ. "ಐದರೊಳಗ ಮುಗೀತೈತೆಲ್ರಿ ಟೀಚರ್?" ಎಂದು ಕೇಳಿದರು. ಬೆಳಿಗ್ಗೆ ಹತ್ತೂವರೆಗೆ ಶುರುವಾಗುವ ಕಾರ್ಯಕ್ರಮ ಐದಕ್ಕೆ ಮುಗಿಯದೆ ಇರುತ್ತದೆಯೇ ಎಂದು ನಾನು ನಕ್ಕೆ. ನಗಬಾರದಿತ್ತು.

ನಮ್ಮ ಕಡೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ವೇದಿಕೆಯ ಕಾರ್ಯಕ್ರಮದಲ್ಲಿ ಕಲೆಯನ್ನು ಬಿಡಬಹುದು, ಮನುಷ್ಯರನ್ನು ಬಿಡುವಂತಿಲ್ಲ. ಸಭೆಗೆ ಬಂದ ಗಣ್ಯರಿಗೆಲ್ಲ ಶಾಲು, ಹಾರ, ಹಣ್ಣಿನ ಬುಟ್ಟಿಯ ಸನ್ಮಾನ ಆಗಲೇಬೇಕು. ಒಬ್ಬರಿಗೆ ತಪ್ಪಿದರೆ ಅವರು ನಿಮ್ಮ ಮಗಳ ಮದುವೆಗೆ ಬರುವುದಿಲ್ಲ, ಬಂದರೂ ಊಟ ಮಾಡುವುದಿಲ್ಲ. ಪಟ್ಟಿಯಲ್ಲಿ ಹನ್ನೆರಡು ಹೆಸರಿದ್ದವು. ಬೆಳಿಗ್ಗೆ ಬಾಗಿಲಲ್ಲಿ ನಿಂತ ಕಾರ್ಯದರ್ಶಿ ಬಂದವರನ್ನೆಲ್ಲ ಪ್ರೀತಿಯಿಂದ ಸೇರಿಸುತ್ತಾ ಹೋದರು. ಮಧ್ಯಾಹ್ನ ಹನ್ನೆರಡು ಗಂಟೆಗೆ ದೀಪ ಬೆಳಗುವ ಹೊತ್ತಿಗೆ ಹೆಸರುಗಳು ಮೂವತ್ತೊಂದಾಗಿದ್ದವು. ನಮ್ಮ ಟಿಬೆಟಿನ ಅಮ್ಮನ ಹಾಡು ಹದಿನಾಲ್ಕನೆಯ ಅಂಶ, ಅಧ್ಯಕ್ಷರ ಭಾಷಣದ ನಂತರ.

"ಹಾಡು ಮೊದಲು ಇಟ್ಟುಬಿಡೋಣ, ಅವರಿಗೆ ರೈಲು ಐತೆ" ಎಂದು ನಾನು ಕಾರ್ಯದರ್ಶಿಯ ಕಿವಿಯಲ್ಲಿ ಹೇಳಿದೆ.

"ಗೆಸ್ಟ್‌ಗಳು ಎದ್ದು ಹೋಗ್ಬಿಡ್ತಾರೆ ಟೀಚರ್. ಹಾಡೋರು ಎಲ್ಲಿಗೆ ಹೋಗ್ತಾರೆ, ಕೂತಿರ್ತಾರೆ ಬಿಡ್ರಿ."

ಕೂತೇ ಇದ್ದರು. ಮೂರನೇ ಸಾಲಿನ ತುದಿಯ ಕುರ್ಚಿಯಲ್ಲಿ, ತಮ್ಮ ಉದ್ದನೆಯ ಕಪ್ಪು ಅಂಗಿ, ಅದರ ಮೇಲೆ ಅಡ್ಡಪಟ್ಟೆಯ ಏಪ್ರನ್ ತೊಟ್ಟು, ಕಾಲಿನ ಹತ್ತಿರ ಒಂದು ಬ್ಯಾಗು ಇಟ್ಟುಕೊಂಡು ಕೂತಿದ್ದರು. ಏಷ್ಯಾದ ಏಕತೆಯ ಬಗ್ಗೆ ಒಬ್ಬರು, ಏಷ್ಯಾದ ಆರ್ಥಿಕತೆಯ ಬಗ್ಗೆ ಇನ್ನೊಬ್ಬರು ಮಾತಾಡಿದರು. ಮೂರನೆಯವರು ಏಷ್ಯಾದ ವಿಷಯ ತಮಗೆ ಅಷ್ಟು ಗೊತ್ತಿಲ್ಲ ಎಂದು ಒಪ್ಪಿಕೊಂಡು, ಗೊತ್ತಿಲ್ಲದ್ದನ್ನು ಮುಕ್ಕಾಲು ಗಂಟೆ ವಿವರಿಸಿದರು. ಕರಾಟೆಯ ಮಕ್ಕಳು ಹಸಿವಾಗಿ ಮಂಚೂರಿ ತಿಂದು, ಹೊಟ್ಟೆ ಭಾರವಾಗಿ, ಕಾಲು ಎತ್ತಲಾರದೆ ಎತ್ತಿದರು.

ಆಮೇಲೆ ಸನ್ಮಾನ. ಶಾಲುಗಳನ್ನು ಸಂಘದವರು ಈ ಸ್ವೆಟರ್ ಅಮ್ಮನ ಅಂಗಡಿಯಿಂದಲೇ, ಸೀಸನ್ ಮುಗಿಯಿತೆಂದು ಹೇಳಿ ಕಡಿಮೆ ದರಕ್ಕೆ, ಹೆಚ್ಚಿಗೆ ಇರಲಿ ಎಂದು ಮೂವತ್ತು ತಂದಿದ್ದರು. ಇವರಿಗೂ ಅದರಲ್ಲೊಂದನ್ನು ಹೊದಿಸಿದರು. ಫೋಟೋ ಆಯಿತು. ಕೆಳಗೆ ಇಳಿದವರು ಶಾಲಿನ ಅಂಚಿನ ಹೊಲಿಗೆಯನ್ನು ಒಮ್ಮೆ ಎಳೆದು ನೋಡಿದರು. ವೇದಿಕೆಯ ಪಕ್ಕದ ಮೇಜಿನ ಮೇಲೆ ನಾಲ್ಕೇ ಶಾಲು ಉಳಿದಿರುವುದನ್ನೂ, ಸಾಲಿನಲ್ಲಿ ಇನ್ನೂ ಐದು ಜನ ನಿಂತಿರುವುದನ್ನೂ ಕಂಡರು. ತಮ್ಮದನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲೆ ಇಟ್ಟು ಬಂದು ಕೂತರು. ಕಾರ್ಯದರ್ಶಿ ಅವರಿಗೆ ಕೈಮುಗಿದರು. ಆ ಶಾಲು ನಮ್ಮ ಗೋಬಿ ಗಾಡಿಯವರಿಗೆ ಹೋಯಿತು.

ನಾಲ್ಕೂಕಾಲು ಆಯಿತು. ಸ್ಟೇಷನ್ನು ಅಲ್ಲೇ ಹತ್ತಿರ, ನಡೆದರೆ ಹತ್ತು ನಿಮಿಷದ ದಾರಿ. ಅಧ್ಯಕ್ಷರು ಜೇಬಿನಿಂದ ಮಡಚಿದ ಕಾಗದ ತೆಗೆಯುತ್ತಿದ್ದರು. ಕಾರ್ಯದರ್ಶಿ ನನ್ನ ಹತ್ತಿರ ಬಗ್ಗಿ, "ಟೀಚರ್, ಆ ಸ್ವೆಟರ್ ಅಮ್ಮನ ಹಾಡು ಬಿಟ್ಟುಬಿಡ್ರಿ. ಹೆಂಗೂ ಶಾಲು ಹೊದಿಸಿದೀವಲ್ಲ, ಆತು. ಅವರಿಗೂ ರೈಲು ತಪ್ಪಬಾರದು" ಎಂದರು.

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನನಗೆ ಸಿಟ್ಟು ಬಂದದ್ದು ಅವರ ಮೇಲೂ ಅಲ್ಲ. ನನ್ನ ಬಾಯಿ ಆಗಲೇ ಮೈಕಿನ ಹತ್ತಿರ ಹೋಗಿ, "ಸಮಯದ ಅಭಾವದಿಂದಾಗಿ" ಎಂದು ಹೇಳಿಬಿಟ್ಟಿತ್ತು. ಇಪ್ಪತ್ತೈದು ವರ್ಷ ಈ ಮಾತು ಹೇಳಿದ್ದೇನೆ. ಭರತನಾಟ್ಯದ ಹುಡುಗಿಯರಿಗೆ, ಕೊಳಲಿನವರಿಗೆ, ಎರಡು ತಿಂಗಳು ಪ್ರಾಕ್ಟೀಸ್ ಮಾಡಿದ ಕೋಲಾಟದವರಿಗೆ ಹೇಳಿದ್ದೇನೆ. ಒಂದು ದಿನವೂ ಅವರ ಮುಖ ನೋಡಿ ಹೇಳಿಲ್ಲ. ಅಂದು ಅಕಸ್ಮಾತ್ತಾಗಿ ನೋಡಿದೆ. ಮೂರನೇ ಸಾಲಿನ ತುದಿಯಲ್ಲಿ ಅವರು ಅಷ್ಟು ಕೇಳಿಯೇ ಬಗ್ಗಿ ಬ್ಯಾಗಿನ ಹಿಡಿಕೆ ಹಿಡಿದಿದ್ದರು. ಕನ್ನಡ ಚೆನ್ನಾಗಿ ಬರುವವರಿಗೆ ಆ ವಾಕ್ಯದ ಉಳಿದರ್ಧ ಕೇಳುವ ಅಗತ್ಯ ಇರುವುದಿಲ್ಲ. ನನಗೆ ನಾಚಿಕೆಯಾಯಿತು.

"ಸಮಯದ ಅಭಾವದಿಂದಾಗಿ," ಎಂದು ಇನ್ನೊಮ್ಮೆ ಹೇಳಿದೆ, "ಮಾನ್ಯ ಅಧ್ಯಕ್ಷರು ತಮ್ಮ ಭಾಷಣವನ್ನು ಮಾಡಿದ್ದಾರೆಂದೇ ಭಾವಿಸಬೇಕಾಗಿ ವಿನಂತಿ. ಈಗ ಟಿಬೆಟಿನ ಹಾಡು."

ಅರ್ಧ ಎದ್ದಿದ್ದ ಅಧ್ಯಕ್ಷರು ಸ್ವಲ್ಪ ಹೊತ್ತು ಅರ್ಧದಲ್ಲೇ ಇದ್ದು, ಕೂತರು. ಜನ ಚಪ್ಪಾಳೆ ತಟ್ಟಿದರು. ಭಾಷಣ ಆಗಿದೆಯೆಂದು ತಿಳಿದು ತಟ್ಟಿದರೋ, ಆಗುವುದಿಲ್ಲವೆಂದು ತಿಳಿದು ತಟ್ಟಿದರೋ ಹೇಳಲಾರೆ. ಕಾರ್ಯದರ್ಶಿ ನನ್ನ ಕಡೆ ನೋಡಲಿಲ್ಲ. ಈಗಲೂ ಅಷ್ಟಾಗಿ ನೋಡುವುದಿಲ್ಲ.

ಟಿಬೆಟಿನ ಅಮ್ಮ ಬ್ಯಾಗು ಸಮೇತ ವೇದಿಕೆಗೆ ಬಂದರು. ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಅದ್ಭುತವಾಗಿ ಹಾಡಿದರು ಎಂದು ಬರೆಯಬಹುದಿತ್ತು, ಆದರೆ ಹಾಗಾಗಲಿಲ್ಲ. ಮೊದಲ ಸಾಲಿನಲ್ಲೇ ದನಿ ನಡುಗಿತು. ಹಿಂದಿನ ಬಾಗಿಲಿನಿಂದ ತಟ್ಟೆಗಳ ಸದ್ದು ಬರುತ್ತಿತ್ತು, ಅರ್ಧ ಸಭೆ ಅತ್ತ ಹೊರಟಿತ್ತು. ಎರಡನೇ ಸಾಲಿಗೆ ದನಿಯ ನಡುಕ ನಿಂತಿತು. ಕೆಳಗಿನಿಂದ ಶುರುವಾಗಿ ಒಮ್ಮೆಗೇ ಬಹಳ ಮೇಲಕ್ಕೆ ಹೋಗುವ, ಹೋದಲ್ಲೇ ಸ್ವಲ್ಪ ಹೊತ್ತು ನಿಲ್ಲುವ ಹಾಡು ಅದು. ತಟ್ಟೆ ಹಿಡಿದ ಕೆಲವರು ಬಾಗಿಲಲ್ಲೇ ನಿಂತರು. ನನಗೆ ಒಂದು ಪದವೂ ತಿಳಿಯಲಿಲ್ಲ.

ಮೊದಲ ಹಾಡು ಮುಗಿದಾಗ ನಾಲ್ಕೂವರೆ. ನಾನು ವೇದಿಕೆಯ ಪಕ್ಕದಿಂದ ಬಾಗಿಲಿನ ಕಡೆ ಕೈ ತೋರಿಸಿದೆ. ಅವರು ಎರಡನೆಯದನ್ನು ಎತ್ತಿಕೊಂಡರು. ಅದು ಉದ್ದನೆಯ ಹಾಡು. ಮುಗಿದಾಗ ಐದಕ್ಕೆ ಹನ್ನೆರಡು ನಿಮಿಷ. ಈಗಲೇ ಹೊರಟರೆ ರೈಲು ಸಿಗುತ್ತದೆ. ನಾನು ಕೈಗಡಿಯಾರದ ಮೇಲೆ ಬೆರಳು ಬಡಿದು ತೋರಿಸಿದೆ. ಕೊಳಲಿನವರಿಗೂ ಕೋಲಾಟದವರಿಗೂ ಹೀಗೇ ತೋರಿಸಿದವಳು ನಾನು. ರೈಲಿನ ಚಿಂತೆಯಿಂದಲೇ ತೋರಿಸಿದೆ, ಆದರೂ ಬೆರಳು ಅದೇ, ಬಡಿತ ಅದೇ.

ಅವರು ಕಣ್ಣು ಬಿಟ್ಟು ನನ್ನ ಬೆರಳನ್ನು ನೋಡಿದರು. ಮೈಕನ್ನು ಸ್ವಲ್ಪ ಪಕ್ಕಕ್ಕೆ ಹಿಡಿದು, ನನಗೆ ಮಾತ್ರ ಕೇಳುವಂತೆ, "ಇನ್ನೊಂದು ಐತ್ರೀ ಟೀಚರ್" ಎಂದರು. ನಾನು ಕೈ ಇಳಿಸಿದೆ.

ಮೂರನೆಯ ಹಾಡಿನ ನಡುವೆ ಹುಬ್ಬಳ್ಳಿಯ ರೈಲು ಕೂಗಿತು. ಅವರಿಗೂ ಕೇಳಿಸಿತು, ಮುಖದಲ್ಲಿ ಗೊತ್ತಾಯಿತು. ಹಾಡು ನಿಲ್ಲಲಿಲ್ಲ. ನಾನು ವೇದಿಕೆಯಿಂದ ಇಳಿದು, ಗಣ್ಯರು ಬಿಟ್ಟುಹೋಗಿದ್ದ ಮುಂದಿನ ಸಾಲಿನ ಕುರ್ಚಿಯೊಂದರಲ್ಲಿ ಕೂತೆ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಒಂದು ಕಾರ್ಯಕ್ರಮವನ್ನು ಕೂತು ಕೊನೆಯವರೆಗೆ ಕೇಳಿದೆ.